ಸಾಲು ಬಂತು, ಸಂಬಂಧ ಬಂತೇ?

ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯಂಥ ಅಡಿಕೆ ಊರುಗಳಲ್ಲಿ ಮನೆಯ ಲೆಕ್ಕವೆಂದರೆ ತೋಟದ ಲೆಕ್ಕವೂ ಹೌದು. ಅಡಿಕೆ ಮಾರಿದ ಹಣ, ಸಂಘದ ಸಾಲ, ಅಡಿಕೆ ಗೊನೆ ಕೊಯ್ಯುವ ಕೊನೆಗೌಡನ ಕೂಲಿ, ಮಠದ ಕಾಣಿಕೆ ಎಲ್ಲವೂ ಅಲ್ಲೇ ಕೂಡುತ್ತವೆ. ಈ ಲೆಕ್ಕವನ್ನು ಲೆಕ್ಕದ ತಂತ್ರಾಂಶವಾದ ಟ್ಯಾಲಿ ಅಥವಾ ಗ್ನುಕ್ಯಾಶ್‌ನಿಂದ ಎಕ್ಸೆಲ್‌ಗೆ ಸಾಗಿಸಿದರೆ, ಅದು ಅದೇ ಲೆಕ್ಕವೇ?

ಬದಲಾದದ್ದು ಅದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆ ಹಳೆಯದು. ರಾತ್ರಿಯ ಮೊದಲ ಜಾವದ ದೀಪವೂ ಕೊನೆಯ ಜಾವದ ದೀಪವೂ ಒಂದೇ ಅಲ್ಲ, ಬೇರೆಯೂ ಅಲ್ಲ ಎಂದು ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ವಿವರಿಸಿದ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಎಲ್ಲವೂ ಕ್ಷಣಮಾತ್ರ ಇರುತ್ತದೆಂಬ ಬೌದ್ಧರ ಕ್ಷಣಿಕವಾದವನ್ನು ಒಪ್ಪಲಿಲ್ಲ: ಕಂಡವನೂ ನೆನೆಯುವವನೂ ಒಬ್ಬನೇ ಆಗದಿದ್ದರೆ ನೆನಪೇ ಸಾಧ್ಯವಿಲ್ಲ.

ಲೆಕ್ಕದ ವಿಷಯದಲ್ಲಿ ಶಂಕರರ ವಾದವೇ ಹೆಚ್ಚು ಗಟ್ಟಿ: ನೆನಪಿನಂತೆ ಲೆಕ್ಕಕ್ಕೂ ಎರಡು ತುದಿಗಳನ್ನು ಕೂಡಿಸುವ ನಂಟು ಬೇಕು. 1494ರಲ್ಲಿ ವೆನಿಸ್‌ನಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಚೋಲಿ ಪ್ರಕಟಿಸಿದ ಜಮಾ-ಖರ್ಚಿನ ಕ್ರಮದಲ್ಲಿ ಪ್ರತಿ ಮೊತ್ತಕ್ಕೂ ಎರಡು ತುದಿ: ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು. ಬ್ಯಾಂಕ್ ಖಾತೆಯ ಸಾಲುಗಳನ್ನಷ್ಟೇ ಸಿಎಸ್‌ವಿ ಕಡತವಾಗಿ ಕಳಿಸಿದರೆ ಅಂಕಿ ಉಳಿಯುತ್ತದೆ, ಇನ್ನೊಂದು ತುದಿ ಕಳಚಬಹುದು.

ದಿನಾಂಕದ ಅಪಾಯ ಇನ್ನೂ ಸೂಕ್ಷ್ಮ. 3-4-2024 ಎಂದು ಬರೆದ ಏಪ್ರಿಲ್ ಮಾರಾಟವನ್ನು ಅಮೆರಿಕದ ಕ್ರಮಕ್ಕೆ ಹೊಂದಿಸಿದ ಯಂತ್ರ ಮಾರ್ಚ್ 4 ಎಂದು ಓದುತ್ತದೆ. ವ್ಯವಹಾರ ಹಿಂದಿನ ಹಣಕಾಸು ವರ್ಷಕ್ಕೆ ಜಾರುತ್ತದೆ. 31-3-2024 ಮಾತ್ರ ಬರೀ ಅಕ್ಷರವಾಗಿ ನಿಲ್ಲುತ್ತದೆ, ಏಕೆಂದರೆ ಮೂವತ್ತೊಂದನೆಯ ತಿಂಗಳಿಲ್ಲ.

ಹಾಗಾಗಿ ಸಾಗಿಸುವ ಮೊದಲು ಆರಂಭದ ಶಿಲ್ಕು, ಕೊನೆಯ ಶಿಲ್ಕು, ಸಾಲುಗಳ ಸಂಖ್ಯೆ ಬರೆದಿಡಬೇಕು. ಆಮೇಲೆ ತಾಳೆ ನೋಡಬೇಕು. ದಿನಾಂಕವನ್ನು ವರ್ಷ-ತಿಂಗಳು-ದಿನದ ಕ್ರಮದಲ್ಲಿ, 2024-04-03 ಎಂದೇ ಕಳಿಸಬೇಕು. ಹಳೆಯ ಕಡತವನ್ನು ಅಳಿಸಬಾರದು: ಕೂಲಿ ಬಾಕಿಯಿರುವ ಮನುಷ್ಯನ ಹೆಸರು ಅದರಲ್ಲಿ ಇನ್ನೂ ಇರಬಹುದು.