ಲಕ್ಕಮ್ಮನ ಕಣ್ಣು

ಯಾರೂ ನೋಡದಿರುವಾಗ ಮಾಡಿದ್ದು ಧರ್ಮ, ನೋಡುವವರಿದ್ದಾರೆಂದು ಮಾಡಿದ್ದು ಬರೀ ಅಂಜಿಕೆ ಎನ್ನುತ್ತಿದ್ದರು ನಮ್ಮಪ್ಪ. ವಿಜಯಪುರ ಬಿಟ್ಟು ಮುಂಬೈ ಹತ್ತಿರದ ದಿವಾಕ್ಕೆ ಬಂದು ಲೋಕಲ್ ರೈಲು ಹತ್ತತೊಡಗಿದ ಮೇಲೆ ಆ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ.

ಬೆಳಗಿನ ಗಾಡಿ ಕಲ್ಯಾಣ, ಡೊಂಬಿವಲಿಯಲ್ಲೇ ತುಂಬಿಕೊಂಡು ಬರುತ್ತದೆ. ಲೇಡೀಸ್ ಡಬ್ಬಿಯೊಳಗೆ ನುಸುಳಿದವಳು ಕೂತವರನ್ನು ಮೊದಲು ಕೇಳುವುದು ‘ಕುಠೇ ಉತರಣಾರ್?’ (ಎಲ್ಲಿ ಇಳಿಯುತ್ತೀರಿ?) ಎಂದು. ಠಾಣೆ ಎಂದರೆ, ಠಾಣೆ ಬಂದಾಗ ಆ ಸೀಟು ಕೇಳಿದವಳದು. ಬೇರೆಯವಳು ಎಂಥ ಗಟ್ಟಿಗಿತ್ತಿಯಾದರೂ ಕೂರುವಂತಿಲ್ಲ. ಮೂವರ ಬೆಂಚಿನಲ್ಲಿ ನಾಲ್ಕನೆಯವಳಿಗೆ ಸರಿದು ಜಾಗ ಕೊಡಬೇಕು. ಇದನ್ನು ರೈಲ್ವೆ ಬರೆದಿಟ್ಟಿಲ್ಲ. ತಪ್ಪಿದವಳ ಮೇಲೆ ಮೊದಲು ಒಂದು ನೋಟ, ಆಮೇಲೆ ಒಂದು ಮಾತು, ಕೊನೆಗೆ ಇಡೀ ಡಬ್ಬಿಯ ಬೈಗುಳ.

ಶಿಕ್ಷೆ ಸಣ್ಣದರಿಂದ ಶುರುವಾಗಬೇಕು, ಕಾವಲು ಬಳಸುವವರದೇ ಆಗಿರಬೇಕು: ಎಲ್ಲರಿಗೂ ಸೇರಿದ್ದನ್ನು ಹಂಚಿಕೊಂಡು ಬಳಸುವ, ಬಾಳಿಕೆ ಬಂದ ಒಪ್ಪಂದಗಳಲ್ಲಿ ಎಲಿನಾರ್ ಆಸ್ಟ್ರಂ ಕಂಡದ್ದು ಇದನ್ನೇ. ಗಣಿತ ಸಾಲದೆಂದು ಅರ್ಥಶಾಸ್ತ್ರದ ಪಿಎಚ್‌.ಡಿ.ಗೆ ಸೇರಲಾಗದೆ ರಾಜ್ಯಶಾಸ್ತ್ರ ಹಿಡಿದ ಆಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಎಲ್ಲರದೂ ಆದದ್ದು ಹಾಳಾಗಿಯೇ ತೀರುತ್ತದೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರು. ಅದಕ್ಕೆ ಉತ್ತರವಾಗಿ ಆಸ್ಟ್ರಂ ತೋರಿಸಿದ್ದು ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿಯನ್ನು. ಚಳಿಗಾಲದಲ್ಲಿ ಮೇವು ಹಾಕಿ ಸಾಕಬಲ್ಲಷ್ಟೇ ದನಗಳನ್ನು ಊರ ಹುಲ್ಲುಗಾವಲಿಗೆ ಬಿಡಬೇಕೆಂದು ಅಲ್ಲಿ 1517ರಲ್ಲೇ ಕಟ್ಟಳೆಯಿತ್ತು.

ಇದನ್ನು ಓದಿದಾಗ ನನಗೆ ನೆನಪಾದವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು ಆಕೆ. ಮಾರಯ್ಯ ಕಳ್ಳನಲ್ಲ, ಶರಣ. ಅಂಥವನಿಗೂ ಅಳತೆ ನೆನಪಿಸುವ ಕಣ್ಣೊಂದು ಬೇಕಾಯಿತು. ಅದರಿಂದ ಅವನ ಕಾಯಕ ಮೈಲಿಗೆಯಾಯಿತೇ? ನಾನು ಒಪ್ಪಲಾರೆ. ನಡೆ ತಪ್ಪದಂತೆ ಒಬ್ಬರನ್ನೊಬ್ಬರು ಕಾಯುವುದೂ ಭಕ್ತಿಯ ಒಂದು ಭಾಗವೆಂದೇ ನನ್ನ ನಂಬಿಕೆ. ಒಬ್ಬಂಟಿಯಾಗಿ ಪರಿಶುದ್ಧನಾಗಿರುವ ಹಟದಲ್ಲಿ ನನಗೆ ಅಹಂಕಾರವೇ ಹೆಚ್ಚು ಕಾಣುತ್ತದೆ.

ಆದರೆ ಈ ಕಣ್ಣು ಡಬ್ಬಿಯ ಬಾಗಿಲಿನ ತನಕ ಬರುವುದಿಲ್ಲ. ಒಳಗೆ ನಾಲ್ಕನೆಯವಳಿಗೆ ಸರಿಯುವವರೇ ಬಾಗಿಲಲ್ಲಿ ನಿಂತರೆ ದಿವಾದವರನ್ನು ಹತ್ತಗೊಡುವುದಿಲ್ಲ. 2015ರ ಜನವರಿಯಲ್ಲಿ ಗಾಡಿಗಳು ಕೆಟ್ಟು ನಿಂತಾಗ ಇದೇ ಸ್ಟೇಷನ್ನಿನಲ್ಲಿ ಜನ ಹಳಿಗಿಳಿದರು, ಕಲ್ಲು ತೂರಿದರು. ಪ್ಲಾಟ್‌ಫಾರ್ಮಿನವರಿಗೂ ಬಾಗಿಲಿನವರಿಗೂ ಮುಖಪರಿಚಯವಿಲ್ಲ. ಹಾಗಿರುವಾಗ ಅವರ ನಡುವೆ ಲಕ್ಕಮ್ಮನ ಮಾತನ್ನು ಯಾರು ಆಡಬೇಕು, ಆಡಿದರೆ ಯಾರು ಕೇಳುತ್ತಾರೆ ಎಂಬುದು ನನಗಿನ್ನೂ ಬಗೆಹರಿದಿಲ್ಲ.