ಪಂಜರದೊಳಗಿನ ಧೈರ್ಯ

ಹಣ ಕೊಟ್ಟು ಕಬ್ಬಿಣದ ಪಂಜರದೊಳಗೆ ನಿಂತು ಶಾರ್ಕ್ ನೋಡಿ ಬಂದವರು ಧೈರ್ಯದ ಬಗ್ಗೆ ಉಪದೇಶ ಮಾಡಿದರೆ ನನಗೆ ತಡೆಯಲಾಗುವುದಿಲ್ಲ. ಜಿದ್ದಾದ ಶರಫಿಯಾದಲ್ಲಿರುವ ಮಲಯಾಳಿ ಹೋಟೆಲಿನಲ್ಲಿ ಚಹಾ ಆರಿ ತಣ್ಣಗಾಗುವವರೆಗೂ ಗೆಳೆಯರೊಬ್ಬರು ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್‌ನ ವಿಡಿಯೊ ತೋರಿಸಿದರು. ದೋಣಿಯ ಮಗ್ಗುಲಿಗೆ ಕಟ್ಟಿದ ಪಂಜರ, ಹಗ್ಗದ ತುದಿಯಲ್ಲಿ ಟ್ಯೂನಾ ತಲೆ, ಸಮುದ್ರಕ್ಕೆ ಸುರಿದ ಮೀನಿನ ರಕ್ತ. ದೋಣಿಯವನು ‘ಡೌನ್’ ಎಂದು ಕೂಗಿದ ಕೂಡಲೇ ಒಳಗಿದ್ದವರೆಲ್ಲ ಉಸಿರು ಹಿಡಿದು ಮುಳುಗುತ್ತಾರೆ. "ಸಾವಿನ ಮುಖ ನೋಡಿ ಬಂದೆ ಮಾರಾಯ್ರೆ, ಇನ್ನು ಯಾವುದಕ್ಕೂ ಹೆದರುವವನಲ್ಲ" ಎಂದರು.

ಭಯ ಗೆಲ್ಲುವ ಬಗ್ಗೆ ಸ್ಟೋಯಿಕರು ಹೇಳಿದ್ದಿದೆ, ಉಪನಿಷತ್ತಿನ ಅಭಯವೂ ಇದೆ. ಪ್ರವಚನಗಳಲ್ಲಿ ಕೇಳಿ ಕೇಳಿ ಎರಡೂ ನನಗೆ ಸಪ್ಪೆಯಾಗಿವೆ. ನಾನು ಜಗಳ ಆಡಬೇಕಾದದ್ದು ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಜೊತೆ. ಸಿಡಿಲು, ಜ್ವಾಲಾಮುಖಿ, ಉಕ್ಕೇರಿದ ಕಡಲು ಭಯಂಕರವಾದಷ್ಟೂ ನಮ್ಮನ್ನು ಸೆಳೆಯುತ್ತವೆ, ಆದರೆ ನಾವು ಸುರಕ್ಷಿತ ಜಾಗದಲ್ಲಿರಬೇಕು ಎಂದು ಭವ್ಯತೆಯ ಬಗ್ಗೆ 1790ರಲ್ಲೇ ಬರೆದವನು ಅವನು. ಗಾನ್ಸ್‌ಬಾಯ್‌ನ ಟಿಕೆಟ್ಟಿನ ಹಿಂದೆ ಅಚ್ಚು ಹಾಕಿಸಬಹುದಾದ ಮಾತು!

ಸುರಕ್ಷಿತ ಜಾಗ ಯಾರಿಗೆ ಸಿಗುತ್ತದೆ? ನಾನು ಮಲ್ಪೆ ಕಡೆಯವನು. 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರಿದ್ದ ‘ಸುವರ್ಣ ತ್ರಿಭುಜ’ ಬೋಟು ನಾಪತ್ತೆಯಾದಾಗ ಇಲ್ಲಿ ಜಿದ್ದಾದಲ್ಲಿ ಕೂತು ಊರಿನ ವಾಟ್ಸಾಪ್ ಸಂದೇಶಗಳನ್ನು ನೋಡುತ್ತಿದ್ದೆ. ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ. ಆ ಮೀನುಗಾರರ ಮನೆಗಳ ಮುಂದೆ ನಿಂತು ಕಡಲಿನ ಭವ್ಯತೆಯ ಬಗ್ಗೆ ಮಾತಾಡುವ ಬಾಯಿ ಯಾರಿಗಿದೆ?

ಕಾಂಟ್ ಅಷ್ಟು ಸುಲಭಕ್ಕೆ ಸೋಲುವ ಆಸಾಮಿಯಲ್ಲ. ಹೆದರಿದವನಿಗೆ ಭವ್ಯತೆ ಕಾಣದು ಎಂದು ಅವನೇ ಒಪ್ಪುತ್ತಾನೆ. ಅಪಾಯ ನಿಜವಲ್ಲದ ಮೇಲೆ ನಮ್ಮ ಉದಾತ್ತ ಅನುಭವವಾದರೂ ನಿಜವೇ ಎಂಬ ಆಕ್ಷೇಪವನ್ನೂ ತಾನೇ ಎತ್ತುತ್ತಾನೆ. ಅವನ ಉತ್ತರ ಇಷ್ಟು: ಅಲ್ಲಿ ಗೊತ್ತಾಗುವುದು ನಮ್ಮೊಳಗೆ ಅಂಥದೊಂದು ಸಾಮರ್ಥ್ಯವಿದೆ ಎಂಬುದು ಮಾತ್ರ. ಅದನ್ನು ಬೆಳೆಸಿ ಬಳಸುವ ಹೊಣೆ ಇನ್ನೂ ಬಾಕಿಯೇ. ಈ ಲೆಕ್ಕದಲ್ಲಿ ನನ್ನ ಗೆಳೆಯರು ಕಾಂಟ್‌ನ ಶಿಷ್ಯರೂ ಅಲ್ಲ. ಅರ್ಜಿ ಫಾರಂ ಕೊಂಡು ತಂದು ಕೆಲಸ ಸಿಕ್ಕಿತೆಂದು ಸಿಹಿ ಹಂಚುವವರು.

ಆದರೂ ಕಾಂಟ್ ಬಗ್ಗೆ ನನ್ನ ತಕರಾರು ಮುಗಿದಿಲ್ಲ. ಭವ್ಯತೆ ಇರುವುದು ಕಡಲಿನಲ್ಲಲ್ಲ, ನೋಡುವ ಮನಸ್ಸಿನಲ್ಲಿ ಎಂದು ಬಿಟ್ಟರೆ ಶಾರ್ಕ್ ಬರೀ ನೆಪವಾಗುತ್ತದೆ. ನ್ಯೂಜಿಲೆಂಡಿನ ಸ್ಟುವರ್ಟ್ ದ್ವೀಪದ ಬಳಿ ಪಾವಾ ಚಿಪ್ಪು ತೆಗೆಯಲು ಮುಳುಗುವವರು, ಈ ಪಂಜರದ ದೋಣಿಗಳ ಆಮಿಷದಿಂದ ಶಾರ್ಕ್‌ಗಳ ನಡತೆಯೇ ಬದಲಾಗುತ್ತಿದೆ ಎಂದು ದೂರಿದರು. ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಬ್ಬರ ಭವ್ಯತೆಗೆ ಇನ್ನೊಬ್ಬರ ಹೊಟ್ಟೆಪಾಡು ಬೆಲೆ ತೆರಬೇಕೆ?

ಇಲ್ಲಿ ನಾನು ಸ್ವಲ್ಪ ಬಗ್ಗಬೇಕು. ಆಸ್ಟ್ರೇಲಿಯಾದ ರಾಡ್ನಿ ಫಾಕ್ಸ್ 1963ರಲ್ಲಿ ಗ್ರೇಟ್ ವೈಟ್ ಶಾರ್ಕ್ ಕಚ್ಚಿ ಸಾಯಬೇಕಾಗಿತ್ತು, ಹೇಗೋ ಬದುಕಿದರು. ಪಂಜರದಲ್ಲಿ ಇಳಿದು ಶಾರ್ಕ್ ನೋಡುವ ಏರ್ಪಾಡಿಗೆ ದಾರಿ ಮಾಡಿದವರು ಅವರೇ, ಆಮೇಲೆ ಶಾರ್ಕ್‌ಗಳ ಪರ ಮಾತಾಡಿದವರೂ ಅವರೇ. ಪಂಜರ ಇಲ್ಲದಿದ್ದರೆ ಜಗತ್ತಿಗೆ ಗೊತ್ತಿರುತ್ತಿದ್ದ ಶಾರ್ಕ್ 1975ರ ‘ಜಾಸ್’ ಸಿನಿಮಾದ್ದು ಮಾತ್ರ. ಇತ್ತ ಪಂಜರದ ಹಂಗಿಲ್ಲದೆ ಕಡಲಿಗಿಳಿಯುವ ಮೀನುಗಾರರ ಭಯ ಶಾರ್ಕನ್ನು ಉಳಿಸಿತೇ? ಸೌದಿಯಲ್ಲಿ ಶಾರ್ಕ್ ಹಿಡಿಯುವುದನ್ನು 2008ರಲ್ಲೇ ನಿಷೇಧಿಸಿದ್ದಾರೆ. ಆಮೇಲೂ ಜಿದ್ದಾದ ಮೀನು ಮಾರುಕಟ್ಟೆಯಲ್ಲಿ ಸಂಶೋಧಕರಿಗೆ ಶಾರ್ಕ್‌ಗಳು ಸಿಕ್ಕಿವೆ. ಊರಿನಿಂದ ಬಂದ ನೆಂಟರನ್ನು ನಾನು ಕಾರ್ನಿಷ್‌ನ ಫಕೀಹ್ ಅಕ್ವೇರಿಯಂಗೆ ಕರೆದುಕೊಂಡು ಹೋಗುತ್ತೇನೆ. ಗಾಜಿಗೆ ಮೂಗು ಒತ್ತಿ ನಿಂತ ಮಗು ಶಾರ್ಕ್ ತಿರುಗಿ ಬಂದಾಗ ಹಿಂದೆ ಸರಿದು, ಮತ್ತೆ ಅಂಟಿಕೊಳ್ಳುತ್ತದೆ. ಅದೂ ಸುರಕ್ಷಿತ ಜಾಗವೇ. ಅದನ್ನು ಸುಳ್ಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬೇರೆ ದಾರಿ ಇದೆ ಎಂದು ತೋರಿಸಲು ನಾನು ಗುಜರಾತಿನ ಹೆಸರು ಹೇಳುತ್ತಿದ್ದೆ. ಅಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಎಗ್ಗಿಲ್ಲದೆ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಬಂತು. ಆಮೇಲೆ ಪ್ರವಚನಕಾರ ಮುರಾರಿ ಬಾಪು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳೆಂದರು, ಮೀನುಗಾರರು ಬಲೆ ಕತ್ತರಿಸಿ ಬಿಡತೊಡಗಿದರು. ಭಯವೂ ಬೇಡ, ಭವ್ಯತೆಯೂ ಬೇಡ, ನಂಟು ಸಾಕು ಎಂಬುದು ನನ್ನ ವಾದವಾಗಿತ್ತು. ಆದರೆ ತಿಮಿಂಗಿಲ ಶಾರ್ಕ್ ಸಣ್ಣಪುಟ್ಟ ಜೀವಿಗಳನ್ನು ಸೋಸಿ ತಿನ್ನುವ ಸಾಧು. ಕಚ್ಚದ ಮೀನನ್ನು ಮಗಳೆನ್ನಬಹುದು. ಮನುಷ್ಯನ ಪಕ್ಕೆಲುಬಿಗೆ ಬಾಯಿ ಹಾಕುವ ಶಾರ್ಕನ್ನು ಏನೆಂದು ಕರೆಯೋಣ? ಅದರ ಜೊತೆ ನಂಟು ಹೇಗಿರಬೇಕೆಂದು ಮಲ್ಪೆಯ ಹಿರಿಯರನ್ನು ಕೇಳಿದರೆ ಸಾರಿನ ರುಚಿ ಹೇಳುತ್ತಾರೆ. ಕಾಂಟ್‌ನ ಸುರಕ್ಷಿತ ದೂರ ಅಲ್ಲಿ ಬೇಕೇನೋ.

ಇನ್ನೊಂದು ಸಂಗತಿ ನನ್ನ ಪರವೋ ಕಾಂಟ್ ಪರವೋ ನೀವೇ ಹೇಳಿ. 2017ರಲ್ಲಿ ಓರ್ಕಾ ಎಂಬ ಕೊಲೆಗಾರ ತಿಮಿಂಗಿಲಗಳು ಗಾನ್ಸ್‌ಬಾಯ್‌ನಲ್ಲಿ ಗ್ರೇಟ್ ವೈಟ್‌ಗಳನ್ನು ಕೊಂದು ಪಿತ್ತಜನಕಾಂಗ ತಿಂದವು. ಉಳಿದವು ಆ ಕಡಲಿನಿಂದ ಕಾಲ್ತೆಗೆದವು. ಪಂಜರದ ದೋಣಿಗಳು ನಿಲ್ಲಲಿಲ್ಲ. ಈಗ ಅಲ್ಲಿ ಹೆಚ್ಚಾಗಿ ತೋರಿಸುವುದು ಬ್ರಾಂಜ್ ವೇಲರ್ ಎಂಬ ಚಿಕ್ಕ ಜಾತಿಯ ಶಾರ್ಕನ್ನು.