ಸವೆದ ಎಂಜಿನ್ ಮತ್ತು ಇನ್ನೊಂದು ವರ್ಷ



ಭಟ್ಕಳದ ತೆಂಗಿನಗುಂಡಿ ಬಂದರಿನಿಂದ ಮೀನು ಸಾಗಿಸುವ ಹಳೆಯ ಟಾಟಾ ಲಾರಿಯೊಂದರ ವಿಷಯವಾಗಿ ತಂದೆ-ಮಗ ಮಾತು ಬಿಟ್ಟಿದ್ದರು. ಅದರ ಎಂಜಿನ್ ಎಣ್ಣೆ ಕುಡಿಯುತ್ತಿತ್ತು, ನೀಲಿ ಹೊಗೆ ಉಗುಳುತ್ತಿತ್ತು, ಏರುದಾರಿಯಲ್ಲಿ ಸೋಲುತ್ತಿತ್ತು. ಇದ್ದದ್ದನ್ನೇ ಬಿಚ್ಚಿ ಕೆಲಸ ಮಾಡಿಸಬೇಕೆಂದು ತಂದೆಯ ಹಟ. ಸಾಲ ಮಾಡಿಯಾದರೂ ಬೇರೆ ಎಂಜಿನ್ ಕೂರಿಸಬೇಕೆಂದು ಮಗನ ವಾದ. ಯಂತ್ರದ ಗಂಧವಿಲ್ಲದ ನನ್ನ ಬಳಿಗೆ ಅವರು ನ್ಯಾಯ ಕೇಳಲು ಬಂದರೆಂದರೆ, ಪ್ರಶ್ನೆ ಯಂತ್ರದ್ದಷ್ಟೇ ಅಲ್ಲವೆಂದು ನೀವೂ ಊಹಿಸಬಲ್ಲಿರಿ.

ತಂದೆಯ ಅಭಿಮಾನಕ್ಕೆ ಕಾರಣವಿತ್ತು. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಿಂದ ಟೆಲ್ಕೋ ಸಂಸ್ಥೆ ಲಾರಿ ತಯಾರಿಸತೊಡಗಿತು; 1969ರಲ್ಲಿ ಆ ಒಪ್ಪಂದ ಮುಗಿದ ಮೇಲೂ ಅದೇ ಪರಂಪರೆಯ ಗಟ್ಟಿ ಎಂಜಿನ್‌ಗಳು ನಮ್ಮ ಘಟ್ಟಗಳನ್ನು ಹತ್ತಿದವು. ಸವೆದ ಸಿಲಿಂಡರಿಗೆ ಹೊಸ ಲೈನರ್, ಪಿಸ್ಟನ್, ರಿಂಗ್ ಹಾಕಬಹುದು. ಕ್ರ್ಯಾಂಕ್ ಶಾಫ್ಟನ್ನು ಉಜ್ಜಿಸಿ ಅದಕ್ಕೊಪ್ಪುವ ಬೇರಿಂಗ್ ಕೂರಿಸಬಹುದು. ಆದರೆ ಉಜ್ಜುವುದಕ್ಕೂ ಒಂದು ಕೊನೆಯ ಅಳತೆಯುಂಟು.

ಸೆಮಿನರಿಯಲ್ಲಿ ಪ್ಲುಟಾರ್ಕನು ಬರೆದ ಥೀಸಿಯಸನ ಹಡಗಿನ ಬಗ್ಗೆ ಚರ್ಚಿಸುತ್ತಿದ್ದೆವು: ಕೊಳೆತ ಹಲಗೆಗಳನ್ನೆಲ್ಲ ಬದಲಿಸಿದ ಮೇಲೂ ಅದು ಅದೇ ಹಡಗೇ? ನಮ್ಮಲ್ಲಿ ಎಂಜಿನ್ ಬದಲಾದರೆ ಆರ್‌ಟಿಓ ಕಚೇರಿ ಎಂಜಿನ್ ನಂಬರನ್ನು ತಿದ್ದುತ್ತದೆ, ಚಾಸಿ ನಂಬರ್ ಹಾಗೆಯೇ ಉಳಿಯುತ್ತದೆ. ತತ್ವಜ್ಞಾನಿಗಳು ಬಿಡಿಸಲಾರದ ಗಂಟನ್ನು ಸರ್ಕಾರಿ ಸೀಲು ಬಿಡಿಸಿದೆ!

ತಂದೆಯ ನೋವು ಬೇರೆಯೇ ಇತ್ತು. "ಫಾದರ್, ಸವೆದದ್ದನ್ನೆಲ್ಲ ಗುಜರಿಗೆ ಹಾಕುವುದಾದರೆ ನಾಳೆ ನನ್ನ ಸರದಿಯಲ್ಲವೇ?" ಎಂದರು. ಮಗ ತಲೆ ತಗ್ಗಿಸಿದ.

ಇಲ್ಲಿಯೇ ನಾವು ಎಡವುತ್ತೇವೆ. ಮನುಷ್ಯನ ಬೆಲೆ ಅವನ ದುಡಿಮೆಯಲ್ಲಿಲ್ಲ. ಆದ್ದರಿಂದ ಬದಲಿ ಭಾಗದ ಲೆಕ್ಕ ಅವನಿಗೆ ಸಲ್ಲದು. ಯಂತ್ರಕ್ಕಾದರೋ ಆ ಲೆಕ್ಕವೇ ನ್ಯಾಯ. ತಂದೆಯ ಮನಸ್ಸು ನೋಯದಿರಲೆಂದು ಕೆಟ್ಟ ಎಂಜಿನ್ನನ್ನು ಘಟ್ಟದ ದಾರಿಗೆ ಬಿಟ್ಟರೆ ಅದರ ಅಪಾಯವನ್ನು ಹೊರುವವನು ಪಕ್ಕದಲ್ಲಿ ಕುಳಿತ ಕ್ಲೀನರ್ ಹುಡುಗ. ಸಂತ ಲೂಕರ ಶುಭಸಂದೇಶದ ಅಂಜೂರದ ಮರದ ಸಾಮತಿಯನ್ನು ನೆನೆಯಿರಿ. ಮೂರು ವರ್ಷ ಫಲ ಕೊಡದ ಮರಕ್ಕಾಗಿ ತೋಟಗಾರ ಇನ್ನೊಂದು ವರ್ಷ ಬೇಡುತ್ತಾನೆ. ಸುಮ್ಮನೆ ಬೇಡುವುದಿಲ್ಲ, ಬುಡ ಅಗೆದು ಗೊಬ್ಬರ ಹಾಕುವ ಹೊಣೆ ಹೊರುತ್ತಾನೆ. ಆಗಲೂ ಫಲ ಬಾರದಿದ್ದರೆ ಕಡಿಯುವುದಕ್ಕೂ ಒಪ್ಪುತ್ತಾನೆ. ನಮ್ಮಲ್ಲಿ ಹಲವರು ವರ್ಷವನ್ನು ಮಾತ್ರ ಬೇಡುತ್ತೇವೆ, ಗುದ್ದಲಿ ಹಿಡಿಯುವುದಿಲ್ಲ.

"ಮೊದಲು ಬಿಚ್ಚಿಸಿ ಅಳೆಸಿರಿ, ಇಬ್ಬರೂ ಜೊತೆಗೆ ನಿಂತು ನೋಡಿರಿ" ಎಂದಷ್ಟೇ ಹೇಳಿದೆ. ಎರಡು ದಿನ ಗ್ಯಾರೇಜಿನಲ್ಲಿ ಇಬ್ಬರ ಕೈಗಳೂ ಕಪ್ಪಾದವು. ಬ್ಲಾಕಿನಲ್ಲಿ ಬಿರುಕಿತ್ತು, ಕ್ರ್ಯಾಂಕ್ ಕೊನೆಯ ಅಳತೆಯನ್ನೂ ದಾಟಿತ್ತು. ತಂದೆ ಬೆರಳಿನಿಂದ ಆ ಬಿರುಕನ್ನು ಸವರಿ ನೋಡಿ, ಸಾಲದ ಕಂತು ಎಷ್ಟು ವರ್ಷದ್ದೆಂದು ಮಗನನ್ನು ಕೇಳಿದರಂತೆ.